ಲಂಗರಿಲ್ಲದೆ ನಿಲ್ಲುವ ಹಡಗು



ಮೈಸೂರಿನಿಂದ ಕಡಲು ಬಲು ದೂರ. ಇಲ್ಲಿ ನಿಂತು ಹಡಗಿನ ಮಾತು ಯಾಕೆ ಎಂದು ಕೆಲವರಿಗೆ ಅನಿಸಿರಬಹುದು. ಆದರೆ ನಾನು ಇವತ್ತು ಹೇಳಲಿರುವ ವಿದ್ಯೆಯ ಬೇರು ನಮ್ಮೂರಿಗೆ ಹೊಸದೇನಲ್ಲ. ಕುಂಬಾರಕೊಪ್ಪಲಿನಿಂದ ಆಚೆ ಬಂದು ಕೆಆರ್‌ಎಸ್ ರಸ್ತೆ ಹಿಡಿದರೆ ಕನ್ನಂಬಾಡಿ ಕಟ್ಟೆ ಸಿಗುತ್ತದೆ. ಅಲ್ಲಿ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ್ದರು. ಅಂಥವನ್ನು ಅವರು ಮೊದಲು ಕೂರಿಸಿದ್ದು 1903ರಲ್ಲಿ, ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ. ನೀರು ಗೊತ್ತಾದ ಮಟ್ಟವನ್ನು ದಾಟಿದೊಡನೆ ಆ ನೀರಿನ ಬಲದಿಂದಲೇ ಬಾಗಿಲು ಏಳುತ್ತದೆ, ಮಟ್ಟ ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಆದದ್ದನ್ನು ನೋಡಿ ಸರಿಪಡಿಸುವ ಈ ಕ್ರಮಕ್ಕೆ ಇಂಜಿನಿಯರುಗಳು ಫೀಡ್‌ಬ್ಯಾಕ್ ಎನ್ನುತ್ತಾರೆ. ಆದರೆ ಆಷಾಢದಲ್ಲಿ ಭಾಗಮಂಡಲ, ಮಡಿಕೇರಿಯ ಕಡೆ ಮಳೆ ಹಿಡಿದಾಗ ಕಟ್ಟೆಯ ಇಂಜಿನಿಯರು ನೀರು 124.80 ಅಡಿ ಮುಟ್ಟಲಿ ಎಂದು ಕಾಯುತ್ತ ಕೂರುವುದಿಲ್ಲ. ಮೇಲೆ ಎಷ್ಟು ಮಳೆಯಾಯಿತು, ಹಾರಂಗಿಯಿಂದ ಎಷ್ಟು ಬಿಟ್ಟರು ಎಂದು ತಿಳಿದುಕೊಂಡು ಮೊದಲೇ ಹೊರಹರಿವು ಹೆಚ್ಚಿಸುತ್ತಾರೆ. ಇದು ಫೀಡ್‌ಫಾರ್ವರ್ಡ್: ಪರಿಣಾಮ ಕಾಣುವ ಮೊದಲೇ ಕಾರಣವನ್ನು ಅಳೆದು ಕೈ ಹಾಕುವುದು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ವಿಷಯ ಇಷ್ಟೆ. ನಡುಗಡಲಿನಲ್ಲಿ, ಲಂಗರು ಹಾಕದೆ, ಹಗ್ಗ ಕಟ್ಟದೆ, ಹಡಗೊಂದು ಒಂದೇ ಜಾಗದಲ್ಲಿ ದಿನಗಟ್ಟಲೆ ನಿಲ್ಲಬೇಕು. ಗಾಳಿ ತಳ್ಳುತ್ತದೆ, ನೀರು ಸೆಳೆಯುತ್ತದೆ, ಅಲೆ ಎತ್ತಿ ಹಾಕುತ್ತದೆ. ಹಡಗು ತನ್ನ ಪ್ರೊಪೆಲ್ಲರುಗಳನ್ನೂ, ಬೇಕಾದ ದಿಕ್ಕಿಗೆ ನೂಕಬಲ್ಲ ಥ್ರಸ್ಟರುಗಳನ್ನೂ ಎಡೆಬಿಡದೆ ನಡೆಸುತ್ತ ಇದ್ದಲ್ಲೇ ಇರಬೇಕು. ಇದಕ್ಕೆ ಡೈನಾಮಿಕ್ ಪೊಸಿಷನಿಂಗ್ ಎಂದು ಹೆಸರು. ಹಡಗಿನವರ ಬಾಯಲ್ಲಿ ಬರೀ ‘ಡಿಪಿ’.

ಲಂಗರು ಯಾಕೆ ಹಾಕಬಾರದು? ಆಳವೇ ಕಾರಣ. 2006ರ ಏಪ್ರಿಲ್ ಕೊನೆಯಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಎಂಬ ಕೊರೆಯುವ ಹಡಗು ಭಾರತದ ಗ್ಯಾಸ್ ಹೈಡ್ರೇಟ್ (ಕಡಲ ತಳದಲ್ಲಿ ಮಂಜುಗಡ್ಡೆಯಂತೆ ಗಟ್ಟಿಯಾಗಿರುವ ಅನಿಲ) ಹುಡುಕಾಟಕ್ಕೆಂದು ನಮ್ಮ ಪಶ್ಚಿಮ ಕಡಲಿಗೆ ಬಂತು. ಅದರ ಮೊದಲ ತಾಣ ಕೇರಳ–ಕೊಂಕಣ ಜಲಾನಯನದಲ್ಲಿತ್ತು, ಗೋವಾ–ಕಾರವಾರದ ನೇರಕ್ಕೆ ಪಶ್ಚಿಮದಲ್ಲಿ, ದಡದಿಂದ ಬಲುದೂರ. ಅಲ್ಲಿ ನೀರಿನ ಆಳ 2,600 ಮೀಟರಿಗೂ ಹೆಚ್ಚು. ಆ ತಾಣದಲ್ಲಿ ಹೈಡ್ರೇಟ್ ಸಿಗಲಿಲ್ಲ. ಆಮೇಲೆ ಕೃಷ್ಣಾ–ಗೋದಾವರಿ ಜಲಾನಯನದಲ್ಲಿ ದಂಡಿಯಾಗಿ ಸಿಕ್ಕಿತು. ಒಂಬತ್ತು ವರ್ಷದ ಮೇಲೆ, 2015ರ ಏಪ್ರಿಲ್–ಮೇನಲ್ಲಿ, ಅದೇ ಹಡಗು ಅರಬ್ಬಿ ಸಮುದ್ರದ ಲಕ್ಷ್ಮಿ ಜಲಾನಯನದಲ್ಲಿ 3,600 ಮೀಟರು ನೀರಿನ ಕೆಳಗೆ, ಕಡಲ ತಳದಿಂದ ಮತ್ತೆ ಸಾವಿರ ಮೀಟರಿಗೂ ಆಳಕ್ಕೆ ಕೊರೆಯಿತು. ಹಿಮಾಲಯ ಸವೆದು ಸಿಂಧೂ ನದಿ ಹೊತ್ತು ತಂದ ಮಣ್ಣಿನ ಪದರಗಳು ಕೊರೆಯುವ ಕೊಳವೆಯೊಳಗೆ ಮೇಲೆ ಬಂದವು.

ಮೂರೂವರೆ ಕಿಲೋಮೀಟರ್ ನೀರಿನಲ್ಲಿ ಸರಪಳಿ ಬಿಡುವ ಲೆಕ್ಕವೇ ಬೇರೆ. ಇತ್ತ ಹಡಗು ಕೊಳವೆಯ ಮೇಲೆ ನಿಂತಿದೆ, ಕೊಳವೆ ಕೆಳಗೆ ಮಣ್ಣಿನಲ್ಲಿ ಹೂತಿದೆ. ಹಡಗು ಸರಿದರೆ ಕೊಳವೆ ಬಾಗುತ್ತದೆ, ಹೆಚ್ಚು ಸರಿದರೆ ಮುರಿಯುತ್ತದೆ. ಆದ್ದರಿಂದ ಕೊರೆಯುವ ಹಡಗಿಗೆ ಸರಿಯಲು ಬಿಡುವ ಜಾಗವನ್ನು ಸಾಮಾನ್ಯವಾಗಿ ನೀರಿನ ಆಳದ ನೂರಕ್ಕೆ ಎರಡು ಮೂರು ಭಾಗ ಎಂದು ಹಿಡಿಯುತ್ತಾರೆ. 2,600 ಮೀಟರ್ ಆಳಕ್ಕೆ ನೂರಕ್ಕೆ ಎರಡು ಎಂದರೆ 52 ಮೀಟರು. ಆ ಹಡಗಿನ ಉದ್ದವೇ 143 ಮೀಟರು. ತನ್ನ ಮೈಯ ಅರ್ಧದಷ್ಟೂ ಅಲುಗುವಂತಿಲ್ಲ.

ಈ ವಿದ್ಯೆ ಶುರುವಾದದ್ದು 1961ರಲ್ಲಿ. ಭೂಮಿಯ ತೊಗಟೆಯನ್ನು ಕೊರೆದು ಒಳಗಿನ ಪದರ ಮುಟ್ಟಬೇಕೆಂಬ ‘ಮೊಹೋಲ್’ ಯೋಜನೆಯಲ್ಲಿ ‘ಕಸ್ 1’ ಎಂಬ ದೋಣಿಗೆ ನಾಲ್ಕು ತಿರುಗುವ ಪ್ರೊಪೆಲ್ಲರು ಜೋಡಿಸಿ, ಮೆಕ್ಸಿಕೋದ ಗ್ವಾಡಲೂಪ್ ದ್ವೀಪದ ಹತ್ತಿರ ಮೂರೂವರೆ ಸಾವಿರ ಮೀಟರು ನೀರಿನಲ್ಲಿ ನಿಲ್ಲಿಸಿದರು. ಸುತ್ತ ತೇಲುಬುರುಡೆಗಳು. ಚಾಲಕ ಅವುಗಳ ದಿಕ್ಕು ದೂರ ನೋಡುತ್ತ ಕೈಯಲ್ಲೇ ಪ್ರೊಪೆಲ್ಲರ್ ನಡೆಸುತ್ತಿದ್ದ. ಅದೇ ವರ್ಷ ಶೆಲ್ ಕಂಪನಿಯ ‘ಯುರೇಕಾ’ ಎಂಬ ಪುಟ್ಟ ಹಡಗಿನಲ್ಲಿ ಹೊವಾರ್ಡ್ ಶಾಟೊ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ. ಮನುಷ್ಯನ ಕೈಗೆ ದಣಿವಿದೆ, ಕಡಲಿಗಿಲ್ಲ. ಯಂತ್ರ ಬರಲೇಬೇಕಿತ್ತು.

ಇನ್ನು ಹಡಗನ್ನು ಅಲುಗಿಸುವ ಗಾಳಿ, ಸೆಳೆತ, ಅಲೆ ಎಂಬ ಮೂರು ಬಲಗಳನ್ನು ಒಂದೊಂದಾಗಿ ನೋಡೋಣ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು, ಏಕೆಂದರೆ ಡಿಪಿಯ ಜೀವಾಳ ಇಲ್ಲಿದೆ. ಮೂರನ್ನೂ ಒಂದೇ ರೀತಿ ಎದುರಿಸಲು ಹೊರಟವನು ಸೋಲುತ್ತಾನೆ. ಒಂದನ್ನು ಮೊದಲೇ ಅಳೆದು ತಡೆಯಬೇಕು, ಒಂದನ್ನು ಊಹಿಸಿ ತಡೆಯಬೇಕು, ಇನ್ನೊಂದರ ದೊಡ್ಡ ಪಾಲನ್ನು ತಡೆಯದೆ ಬಿಟ್ಟುಬಿಡಬೇಕು.

ಮೊದಲು ಗಾಳಿ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೀರಿನ ಮೇಲೆ 1,500 ಚದರ ಮೀಟರ್ ಮೈ ಇರುವ ಹಡಗಿಗೆ ಸೆಕೆಂಡಿಗೆ 15 ಮೀಟರ್ ಗಾಳಿ ಅಡ್ಡಲಾಗಿ ಬಡಿದರೆ ಸುಮಾರು 20 ಟನ್ ತೂಕದಷ್ಟು ಬಲ ತಗಲುತ್ತದೆ. ಗಾಳಿ ಇಮ್ಮಡಿಯಾದರೆ ಬಲ ಇಮ್ಮಡಿಯಲ್ಲ, ನಾಲ್ಕು ಪಟ್ಟು, 80 ಟನ್. ಅದೃಷ್ಟಕ್ಕೆ ಗಾಳಿಯನ್ನು ಅಳೆಯಬಹುದು. ಕಂಬದ ಮೇಲೆ ಗಾಳಿಮಾಪಕ ಇಟ್ಟರೆ ದಿಕ್ಕೂ ವೇಗವೂ ಕ್ಷಣಕ್ಷಣಕ್ಕೆ ಸಿಗುತ್ತದೆ. ಸಾವಿರಾರು ಟನ್ನಿನ ಹಡಗು ಗಾಳಿ ಬೀಸಿದೊಡನೆ ಓಡುವುದಿಲ್ಲ, ಅಲುಗಲು ಅದಕ್ಕೆ ಹೊತ್ತು ಬೇಕು. ಆ ಹೊತ್ತಿನೊಳಗೆ ಕಂಪ್ಯೂಟರು ಬಲದ ಲೆಕ್ಕ ಹಾಕಿ ಥ್ರಸ್ಟರಿಗೆ ಎದುರು ಆಜ್ಞೆ ಕೊಟ್ಟಿರುತ್ತದೆ. ಇದು ಮಡಿಕೇರಿಯ ಮಳೆ ತಿಳಿದು ಬಾಗಿಲು ತೆಗೆದ ಹಾಗೆ.

ಆದರೆ ಅಳತೆ ತಪ್ಪಿದರೆ ಮುಂಜಾಗ್ರತೆಯೇ ಮುಳುವಾಗುತ್ತದೆ. ಹಡಗಿನ ಹೆಲಿಡೆಕ್ಕಿಗೆ ಹೆಲಿಕಾಪ್ಟರ್ ಇಳಿಯುವಾಗ ಅದರ ರೆಕ್ಕೆಯ ಗಾಳಿ ಹತ್ತಿರದ ಮಾಪಕಕ್ಕೆ ಬಡಿಯುತ್ತದೆ. ಕಂಪ್ಯೂಟರಿಗೆ ಅದು ಬಿರುಗಾಳಿ. ಇಲ್ಲದ ಗಾಳಿಗೆ ಎದುರಾಗಿ ಅದು ಥ್ರಸ್ಟರ್ ಜೋರು ಮಾಡಿದರೆ ಹಡಗು ತನ್ನ ಬಲದಿಂದಲೇ ಜಾಗ ಬಿಟ್ಟು ಓಡುತ್ತದೆ. ಅದಕ್ಕೇ ಹೆಲಿಕಾಪ್ಟರ್ ಹತ್ತಿರವಾದಾಗ ಡಿಪಿ ಮೇಜಿನಲ್ಲಿ ಕೂತವರು ಆ ಮಾಪಕವನ್ನು ಲೆಕ್ಕದಿಂದ ತೆಗೆದುಬಿಡುತ್ತಾರೆ. ಬೃಹತ್ತಾದ ಕ್ರೇನು ಅಥವಾ ಪಕ್ಕದ ಪ್ಲಾಟ್‌ಫಾರಂ ಗಾಳಿಗೆ ಮರೆಯಾದಾಗಲೂ ಹೀಗೆಯೇ ಎಚ್ಚರ ಬೇಕು.

ಎರಡನೆಯದು ನೀರಿನ ಸೆಳೆತ. ನೀರು ಗಾಳಿಗಿಂತ ಸುಮಾರು 850 ಪಟ್ಟು ದಟ್ಟ. ನಾವು ನಡೆಯುವ ವೇಗದಲ್ಲಿ, ಸೆಕೆಂಡಿಗೆ ಒಂದು ಮೀಟರಿನಂತೆ ಹರಿಯುವ ನೀರು, ಗಂಟೆಗೆ ನೂರು ಕಿಲೋಮೀಟರ್ ದಾಟಿದ ಗಾಳಿಯಷ್ಟು ಒತ್ತಡ ಹಾಕುತ್ತದೆ. ನೋಡಲು ಕಡಲು ಸುಮ್ಮನಿದ್ದ ಹಾಗೇ ಇರುತ್ತದೆ. ಇದನ್ನು ಗಾಳಿಯ ಹಾಗೆ ಒಂದು ಮಾಪಕದಿಂದ ಹಿಡಿಯುವುದು ಕಷ್ಟ: ಹಡಗಿನ ಮೈ, ಥ್ರಸ್ಟರಿನ ನೂಕು ಸುತ್ತಲಿನ ನೀರನ್ನೇ ಕದಡಿರುತ್ತವೆ, ಮೇಲೊಂದು ವೇಗ, ಕೆಳಗೊಂದು ವೇಗ. ಆದ್ದರಿಂದ ಡಿಪಿ ಕಂಪ್ಯೂಟರು ಸೆಳೆತವನ್ನು ಅಳೆಯುವುದಿಲ್ಲ, ಊಹಿಸುತ್ತದೆ.

ಊಹಿಸುವ ಬಗೆ ಬಹಳ ಸೊಗಸಾದದ್ದು. ಕಂಪ್ಯೂಟರಿನೊಳಗೆ ಗಣಿತದ ಹಡಗೊಂದು ತೇಲುತ್ತಿರುತ್ತದೆ. ನಿಜ ಹಡಗಿಗೆ ಕೊಟ್ಟ ನೂಕು, ಅಳೆದ ಗಾಳಿ, ಎರಡನ್ನೂ ಅದಕ್ಕೂ ಕೊಡುತ್ತಾರೆ. ಅದು ಇಲ್ಲಿರಬೇಕು ಎನ್ನುತ್ತದೆ. ಉಪಗ್ರಹ, ಜೈರೋ ಕಂಪಾಸ್, ಕಡಲ ತಳದಲ್ಲಿಟ್ಟ ಶಬ್ದದೀಪಗಳು ನಿಜ ಹಡಗು ಅಲ್ಲಿದೆ ಎನ್ನುತ್ತವೆ. ಎರಡರ ನಡುವಿನ ಅಂತರ ಒಂದೇ ಕಡೆಗೆ ನಿಧಾನವಾಗಿ ಬೆಳೆಯುತ್ತಿದ್ದರೆ, ಕಾಣದ ಯಾವುದೋ ಬಲ ತಳ್ಳುತ್ತಿದೆ ಎಂದರ್ಥ. ಆ ಬಲ ಎಷ್ಟಿರಬೇಕೆಂದು ಲೆಕ್ಕ ಹಾಕಿ, ಅಷ್ಟನ್ನು ಎದುರು ನೂಕುತ್ತಾರೆ. ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟ ಗಣಿತವನ್ನು ಹಡಗಿಗೆ ಹೊಂದಿಸಿದ್ದು ನಾರ್ವೆಯ ಟ್ರಾಂಡ್‌ಹೈಮಿನ ಯೆನ್ಸ್ ಗ್ಲಾಡ್ ಬಾಲ್ಕೆನ್ ಮತ್ತು ಅವರ ಸಂಗಡಿಗರು. 1977ರಲ್ಲಿ ‘ಸೀವೇ ಈಗಲ್’ ಎಂಬ ಹಡಗಿನಲ್ಲಿ ಅದು ಕೆಲಸಕ್ಕೆ ಬಂತು. ಇಂದಿನ ಡಿಪಿಯ ಮನೆತನ ಅಲ್ಲಿಂದಲೇ.

ಡಿಪಿ ಪರದೆಯ ಮೇಲೆ ‘ಕರೆಂಟ್’ ಎಂದು ಒಂದು ಬಾಣ ತೋರುತ್ತದೆ. ಹೊಸಬರು ಅದನ್ನು ನಿಜವಾದ ಸೆಳೆತ ಎಂದು ಓದುತ್ತಾರೆ. ಅನುಭವಿಗಳು ಹಾಗೆ ಓದುವುದಿಲ್ಲ. ಕಂಪ್ಯೂಟರಿಗೆ ವಿವರಿಸಲಾಗದ್ದೆಲ್ಲ ಆ ಬಾಣದೊಳಗೆ ಬಂದು ಸೇರಿದೆ: ಸೆಳೆತ, ಅಲೆಯ ನಿಧಾನ ನೂಕು, ಹೇಳಿದಷ್ಟು ಬಲ ಕೊಡದ ಥ್ರಸ್ಟರಿನ ಕೊರತೆ, ತಪ್ಪಾಗಿ ತುಂಬಿಸಿದ ಡ್ರಾಫ್ಟ್ (ಹಡಗು ನೀರಿನಲ್ಲಿ ಮುಳುಗಿರುವ ಆಳ). ಒಂದು ಥ್ರಸ್ಟರ್ ಸೋತು ಸೊರಗುತ್ತಿದ್ದರೂ ಪರದೆಯಲ್ಲಿ ಸೆಳೆತ ಹೆಚ್ಚಿದ ಹಾಗೆ ಕಾಣಬಹುದು. ಹಾಗೆಯೇ ಈ ಊಹೆ ಹದಕ್ಕೆ ಬರಲು ಹೊತ್ತು ಬೇಕು. ಹಡಗು ಜಾಗಕ್ಕೆ ಬಂದು ನಿಂತ ಮೇಲೆ ಅರ್ಧ ಗಂಟೆ ಸುಮ್ಮನೆ ನಿಲ್ಲಿಸಿ, ಕಂಪ್ಯೂಟರಿಗೆ ಕಡಲಿನ ಪರಿಚಯವಾಗಲು ಬಿಟ್ಟು, ಆಮೇಲೆ ಕೆಲಸಕ್ಕೆ ಇಳಿಯುವುದು ರೂಢಿ. ಸೆಳೆತ ದಿಢೀರನೆ ಬದಲಾಗುವ ಕಡೆ ಊಹೆ ಹಿಂದೆ ಬೀಳುತ್ತದೆ. ಅಂಡಮಾನ್ ಕಡಲು ಅದಕ್ಕೆ ಹೆಸರುವಾಸಿ. ಅಲ್ಲಿ ನೀರಿನ ಒಳಪದರಗಳಲ್ಲಿ ಸಾಲುಗಟ್ಟಿ ಸಾಗುವ ದೈತ್ಯ ಅಲೆಗಳಿವೆ, ಮೇಲೆ ಬರೀ ನೊರೆಯ ಪಟ್ಟಿಗಳಷ್ಟೇ ಕಾಣುತ್ತವೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ಕೊರೆಯುತ್ತಿದ್ದ ಹಡಗಿನ ಅಳತೆಗಳಿಂದಲೇ ಓಸ್‌ಬೋರ್ನ್ ಮತ್ತು ಬರ್ಚ್ 1980ರಲ್ಲಿ ಅವುಗಳ ಬಗ್ಗೆ ಹೆಸರಾಂತ ಪ್ರಬಂಧ ಬರೆದರು.

ಮೂರನೆಯದು ಅಲೆ. ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಅದೇ, ಆದರೆ ಅಲ್ಲಿಯೇ ಕೈ ಕಟ್ಟಿ ನಿಲ್ಲಬೇಕಾದದ್ದು. ಐದರಿಂದ ಇಪ್ಪತ್ತು ಸೆಕೆಂಡಿಗೊಮ್ಮೆ ಬರುವ ಅಲೆ ಹಡಗನ್ನು ಆಚೆ ಒಯ್ಯುತ್ತದೆ, ಅಷ್ಟೇ ಈಚೆ ತರುತ್ತದೆ. ಸರಾಸರಿ ತೆಗೆದರೆ ಹಡಗು ಇದ್ದಲ್ಲೇ ಇದೆ. ಆ ಬಲ ಅಗಾಧ, ಯಾವ ಥ್ರಸ್ಟರಿಗೂ ಎದುರಿಸಲಾಗದ್ದು. ಎದುರಿಸಲು ಹೋದರೆ ಡೀಸೆಲ್ ಸುಡುತ್ತದೆ, ಗೇರು ಬೇರಿಂಗುಗಳು ಸವೆಯುತ್ತವೆ, ಹಡಗು ಮಾತ್ರ ಅಲೆಯ ಜೊತೆ ಹೋಗಿಯೇ ಹೋಗುತ್ತದೆ. ಆದ್ದರಿಂದ ಗಣಿತದ ಹಡಗು ಈ ತೂಗಾಟವನ್ನು ಅಳತೆಯಿಂದ ಬೇರ್ಪಡಿಸಿ, ಕಂಟ್ರೋಲರಿಗೆ ಕಾಣದ ಹಾಗೆ ಮಾಡುತ್ತದೆ. ಇದೇ ಅಲೆ ಸೋಸುವ ಕೆಲಸ. ಸೋಸಿದ ಮೇಲೂ ಒಂದು ಪಾಲು ಉಳಿಯುತ್ತದೆ. ಸಣ್ಣ ಅಲೆಗಳೂ ದೊಡ್ಡ ಅಲೆಗಳೂ ಗುಂಪು ಗುಂಪಾಗಿ ಬರುವುದರಿಂದ ನಿಮಿಷ ಎರಡು ನಿಮಿಷಕ್ಕೊಮ್ಮೆ ಏರಿ ಇಳಿಯುವ, ಒಂದೇ ದಿಕ್ಕಿಗೆ ತಳ್ಳುವ ನಿಧಾನ ನೂಕು ಅದು. ಅಲೆಯ ಎತ್ತರದ ವರ್ಗಕ್ಕೆ ತಕ್ಕಂತೆ ಅದು ಬೆಳೆಯುತ್ತದೆ. ಇದನ್ನು ಬಿಡುವಂತಿಲ್ಲ, ಎದುರಿಸಲೇಬೇಕು. ಕ್ಷಣದ ಕುಲುಕಾಟವನ್ನು ಬಿಟ್ಟು, ಅದರೊಳಗೆ ಅಡಗಿದ ನಿಧಾನ ನೂಕನ್ನು ಮಾತ್ರ ಹಿಡಿಯುವುದು: ಡಿಪಿ ಕಟ್ಟುವವರ ಕೈಚಳಕ ಪೂರ್ತಿ ಇಲ್ಲಿ ಬೇಕು. ಸೋಸುವುದು ಹೆಚ್ಚಾದರೆ ಕಂಟ್ರೋಲರ್ ತಡವಾಗಿ ಎಚ್ಚರಗೊಳ್ಳುತ್ತದೆ, ಕಡಿಮೆಯಾದರೆ ಥ್ರಸ್ಟರುಗಳು ನಡುಗುತ್ತಲೇ ಇರುತ್ತವೆ.

ಇಷ್ಟೆಲ್ಲ ಇದ್ದೂ ಅನಾಹುತ ಆಗುವುದುಂಟು, ನಮ್ಮದೇ ಕಡಲಿನಲ್ಲಿ ಆಗಿದೆ. 2005ರ ಜುಲೈ 27. ಹಿಂದಿನ ದಿನವಷ್ಟೇ ಮುಂಬಯಿ ಮಳೆಯಲ್ಲಿ ಮುಳುಗಿತ್ತು, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಸುರಿದಿತ್ತು. ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಮುಂಬಯಿ ಹೈ ನಾರ್ತ್ ಪ್ಲಾಟ್‌ಫಾರಮಿನ ಹತ್ತಿರ ‘ಸಮುದ್ರ ಸುರಕ್ಷಾ’ ಎಂಬ ಸಹಾಯಕ ಹಡಗು ಕೆಲಸದಲ್ಲಿತ್ತು. ಅದರ ಅಡುಗೆಯವರೊಬ್ಬರ ಬೆರಳು ತುಂಡಾಯಿತು. ಹೆಲಿಕಾಪ್ಟರ್ ಹಾರುವ ಹವೆಯಲ್ಲ. ಪ್ಲಾಟ್‌ಫಾರಮಿನ ಕ್ರೇನಿನಿಂದ ಅವರನ್ನು ಮೇಲೆತ್ತಿಕೊಳ್ಳಲು ಹಡಗನ್ನು ಹತ್ತಿರ ತಂದರು. ಗಾಳಿಗೆ ಮರೆಯಾದ ಬದಿಯ ಕ್ರೇನು ಕೆಲಸ ಮಾಡುತ್ತಿರಲಿಲ್ಲ, ಆದ್ದರಿಂದ ಗಾಳಿ ಬೀಸುವ ಬದಿಯಿಂದ ಬರಬೇಕಾಯಿತು. ಥ್ರಸ್ಟರಿನಲ್ಲಿ ತೊಂದರೆ ಕಂಡು, ಹಡಗನ್ನು ಕೈಯಲ್ಲೇ ನಡೆಸಿಕೊಂಡು ಹಿಂಭಾಗ ಮುಂದಾಗಿ ತರಲಾಯಿತು ಎಂದು ಪ್ರಕಟವಾದ ವಿವರಣೆಗಳು ಹೇಳುತ್ತವೆ. ಗಾಯಾಳುವನ್ನು ಮೇಲೆತ್ತಿದ್ದೂ ಆಯಿತು. ಆಮೇಲೆ ಉಬ್ಬಲೆ ಹಡಗನ್ನು ಪ್ಲಾಟ್‌ಫಾರಮಿನ ಮೇಲೆ ದೂಡಿತು. ಹಡಗಿನ ಹೆಲಿಡೆಕ್ಕು ಗ್ಯಾಸಿನ ರೈಸರ್ ಕೊಳವೆಗೆ ಬಡಿಯಿತು, ಬೆಂಕಿ ಹತ್ತಿತು. ಎರಡು ಗಂಟೆಯೊಳಗೆ ಪ್ಲಾಟ್‌ಫಾರಂ ಕುಸಿಯಿತು. 22 ಜನ ಸತ್ತರು. ನೌಕಾಪಡೆ, ಕರಾವಳಿ ಕಾವಲು ಪಡೆ, ಸುತ್ತಲಿನ ಹಡಗುಗಳು ಸೇರಿ ಆ ಮಳೆಗಾಲದ ಕಡಲಿನಿಂದ 362 ಜನರನ್ನು ಉಳಿಸಿಕೊಂಡರು. ಬೆಂಕಿಗೆ ಸಿಕ್ಕ ‘ಸಮುದ್ರ ಸುರಕ್ಷಾ’ ಕೆಲವು ದಿನಗಳ ಮೇಲೆ ಮುಳುಗಿತು.

ಈ ಘಟನೆಯನ್ನು ನಾನು ಯಾರ ಮೇಲೂ ಬೆರಳು ತೋರಿಸಲು ಹೇಳುತ್ತಿಲ್ಲ. ಒಬ್ಬ ಕೆಲಸಗಾರನ ಕೈ ಉಳಿಸಲು ಹೊರಟವರು ಅವರು. ಆದರೆ ಡಿಪಿ ಕಲಿಯುವ ಪ್ರತಿಯೊಬ್ಬರೂ ಆ ಎರಡು ಬದಿಗಳನ್ನು ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಮರೆಯ ಬದಿಯಲ್ಲಿ ನಿಂತ ಹಡಗಿನ ಯಂತ್ರ ಕೆಟ್ಟರೆ ಗಾಳಿಯೂ ಅಲೆಯೂ ಅದನ್ನು ಪ್ಲಾಟ್‌ಫಾರಮಿನಿಂದ ದೂರ ಒಯ್ಯುತ್ತವೆ, ಕೆಲಸ ಕೆಡುತ್ತದೆ ಅಷ್ಟೆ. ಗಾಳಿಯ ಬದಿಯಲ್ಲಿ ನಿಂತ ಹಡಗಿನ ಯಂತ್ರ ಕೆಟ್ಟರೆ ಅದೇ ಗಾಳಿ, ಅದೇ ಅಲೆ ಅದನ್ನು ಪ್ಲಾಟ್‌ಫಾರಮಿನ ಮೇಲೆ ತಂದು ಹಾಕುತ್ತವೆ. ಎಷ್ಟು ಒಳ್ಳೆಯ ಗಣಿತವಿದ್ದರೂ, ಎದುರು ನೂಕುವ ಥ್ರಸ್ಟರ್ ಇಲ್ಲದಿದ್ದರೆ ಅದು ಬರೀ ಪರದೆಯ ಮೇಲಿನ ಅಂಕಿ. ಅದಕ್ಕೇ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 1994ರಿಂದ ಡಿಪಿ ಹಡಗುಗಳನ್ನು ಮೂರು ವರ್ಗ ಮಾಡಿದೆ. ಎರಡನೆಯ ವರ್ಗದ ಹಡಗಿನಲ್ಲಿ ಯಾವುದೇ ಒಂದು ಯಂತ್ರ ಕೆಟ್ಟರೂ ಜಾಗ ತಪ್ಪಬಾರದು. ಮೂರನೆಯದರಲ್ಲಿ ಒಂದು ಕೋಣೆಗೆ ಬೆಂಕಿ ಬಿದ್ದರೂ, ನೀರು ನುಗ್ಗಿದರೂ ತಪ್ಪಬಾರದು.

ಈಗ ನಮ್ಮ ಕರಾವಳಿಯ ಒಂದು ಗಂಟಿಗೆ ಬರುತ್ತೇನೆ. ನನ್ನನ್ನು ಹಿಡಿದಿಟ್ಟ ಪ್ರಶ್ನೆಯೂ ಅದೇ.

ಡಿಪಿ ಹಡಗಿಗೆ ಒಂದು ಸ್ವಾತಂತ್ರ್ಯವಿದೆ: ಜಾಗ ಬದಲಿಸದೆ ಮೂತಿ ತಿರುಗಿಸಬಹುದು. ಗಾಳಿ, ಅಲೆ, ಸೆಳೆತ ಮೂರೂ ಒಟ್ಟಾಗಿ ಬರುವ ದಿಕ್ಕಿಗೆ ಮೂತಿ ಕೊಟ್ಟರೆ ಎದುರಾಗುವ ಮೈ ಕಿರಿದಾಗುತ್ತದೆ, ಡೀಸೆಲ್ ಉಳಿಯುತ್ತದೆ. ಮಂಗಳೂರಿನ ಎದುರು ಕಡಲಿನಲ್ಲಿ ಒಂದೇ ತೇಲುಬುರುಡೆಗೆ ಕಟ್ಟಿಸಿಕೊಂಡು ಕಚ್ಚಾ ತೈಲ ಇಳಿಸುವ ಟ್ಯಾಂಕರುಗಳು ಬುರುಡೆಯ ಸುತ್ತ ತಿರುಗುತ್ತ ಈ ದಿಕ್ಕನ್ನು ತಾವಾಗಿಯೇ ಹುಡುಕಿಕೊಳ್ಳುತ್ತವೆ. ಗಾಳಿ, ಅಲೆ, ಸೆಳೆತಗಳನ್ನು ಅಳೆಯುವ ಯಾವ ಮಾಪಕವೂ ಇಲ್ಲದೆ ಡಿಪಿ ಹಡಗೂ ಹಾಗೆ ತಾನೇ ತಿರುಗಿ ದಿಕ್ಕು ಕಂಡುಕೊಳ್ಳುವ ಕ್ರಮವನ್ನು ನಾರ್ವೆಯ ಫಾಸೆನ್ ಮತ್ತು ಸ್ಟ್ರಾಂಡ್ 2001ರಲ್ಲಿ ತೋರಿಸಿದರು.

ಮೂರೂ ಒಂದೇ ಕಡೆಯಿಂದ ಬಂದರೆ ಸರಿ. ನಮ್ಮಲ್ಲಿ ಬರುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಹೊನ್ನಾವರ, ಕಾರವಾರದ ಮುಂದೆ ಕಡಲ ಗಾಳಿ ವಾಯವ್ಯದಿಂದ ಏಳುತ್ತದೆ, ಸಂಜೆಗೆ ಚುರುಕಾದ ಗಿಡ್ಡ ಅಲೆಗಳನ್ನು ಎಬ್ಬಿಸುತ್ತದೆ. ಅದೇ ಹೊತ್ತಿಗೆ ನೈಋತ್ಯದಿಂದ ಉದ್ದನೆಯ ಉಬ್ಬಲೆ ಬರುತ್ತಿರುತ್ತದೆ. ಎರಡರ ನಡುವೆ ಹತ್ತಿರ ಹತ್ತಿರ ಲಂಬಕೋನ. ಮೂತಿಯನ್ನು ಗಾಳಿಗೆ ಕೊಟ್ಟರೆ ಉಬ್ಬಲೆ ಪಕ್ಕೆಗೆ ಬಡಿದು ಹಡಗು ಹೊರಳಾಡುತ್ತದೆ, ಕ್ರೇನಿನಲ್ಲಿ ತೂಗಿದ್ದು ಓಲಾಡುತ್ತದೆ. ಮೂತಿಯನ್ನು ಉಬ್ಬಲೆಗೆ ಕೊಟ್ಟರೆ ಗಾಳಿ ಪಕ್ಕೆಗೆ ಬಂದು ಥ್ರಸ್ಟರ್ ಸುಡುತ್ತದೆ. ಮಳೆಗಾಲದಲ್ಲಿ ಅಲೆಯ ಎತ್ತರ 3 ಮೀಟರ್ ದಾಟುತ್ತದೆ, ಆದರೆ ಗಾಳಿಯೂ ಅಲೆಯೂ ಪಶ್ಚಿಮ–ನೈಋತ್ಯದ ಕಡೆಗೇ ಸೇರುವುದರಿಂದ ದಿಕ್ಕಿನ ಗೊಂದಲ ಕಡಿಮೆ. ಅಂದರೆ ಕಡಲು ಸೌಮ್ಯವಾಗಿ ಕಾಣುವ ಏಪ್ರಿಲ್–ಮೇ ತಿಂಗಳುಗಳೇ ಮೂತಿಯ ವಿಷಯದಲ್ಲಿ ಹೆಚ್ಚು ತೊಡಕಿನವು.

ಅದೇ ತಿಂಗಳುಗಳಲ್ಲಿ ಇನ್ನೊಂದು ಅತಿಥಿ ಬರುತ್ತದೆ. ದಕ್ಷಿಣದ ಮಹಾಸಾಗರದಲ್ಲಿ, ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿಯ ಉಬ್ಬಲೆ ದಿನಗಳ ಮೇಲೆ ನಮ್ಮ ದಡ ಮುಟ್ಟುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ನೆಚ್ಚರಿಕೆಯನ್ನು ನಮ್ಮ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಕರಾವಳಿಗೂ ಕೊಡುತ್ತದೆ. ಆಗ ಸ್ಥಳದಲ್ಲಿ ಗಾಳಿಯೇ ಇಲ್ಲದಿರಬಹುದು. ಗಾಳಿಮಾಪಕ ಸೊನ್ನೆಯ ಹತ್ತಿರ ಇರುವಾಗ ಅಲೆಯ ನಿಧಾನ ನೂಕು ಏರುತ್ತದೆ. ಗಾಳಿ ಅಳೆದು ಮೊದಲೇ ತಡೆಯುವ ಏರ್ಪಾಡಿಗೆ ಇದರ ಸುಳಿವೇ ಸಿಗದು. ಎಲ್ಲ ಹೊರೆಯೂ ಆ ‘ಕರೆಂಟ್’ ಬಾಣದ ಊಹೆಯ ಮೇಲೆ ಬೀಳುತ್ತದೆ, ಅದೋ ನಿಧಾನ. ಉಬ್ಬಲೆ ಬರುತ್ತದೆಂದು ದಿನದ ಮೊದಲೇ ದಡದ ಮೇಲಿನ ಕಂಪ್ಯೂಟರಿಗೆ ಗೊತ್ತಿದೆ, ಹಡಗಿನ ಕಂಪ್ಯೂಟರಿಗೆ ಗೊತ್ತಿಲ್ಲ. ಮಡಿಕೇರಿಯ ಮಳೆಯ ಸುದ್ದಿ ಕಟ್ಟೆಗೆ ತಲುಪದಿದ್ದರೆ ಹೇಗೋ ಹಾಗೆ.

ಕರ್ನಾಟಕದವರು ಕೈ ಹಾಕಬಹುದಾದ ಕೆಲಸ ಇಲ್ಲಿದೆ ಎಂದು ನಾನು ನಂಬಿದ್ದೇನೆ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹೊನ್ನಾವರದ ಮುಂದೆ ತೇಲುಬುರುಡೆ ಹಾಕಿ ಅಲೆಗಳನ್ನು ಅಳೆದಿದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸಾಗರ ಇಂಜಿನಿಯರಿಂಗ್ ಇದೆ, ಕಾಲೇಜಿನ ಅಂಚಿಗೇ ಕಡಲಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿಯ ‘ಸಾಗರ್ ನಿಧಿ’ ಡಿಪಿ ಇರುವ ಸಂಶೋಧನಾ ಹಡಗು. ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸಲು ಸಿದ್ಧವಾಗುತ್ತಿರುವ ‘ಮತ್ಸ್ಯ 6000’ ನೌಕೆಗೆ ತಾಯಿಹಡಗಾಗಿ ಗೊತ್ತಾಗಿರುವುದೂ ಅದೇ. ನೀರಿನೊಳಗೆ ಮನುಷ್ಯರಿರುವಾಗ ಮೇಲಿನ ಹಡಗು ಜಾಗ ಬಿಡಬಾರದು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಗಣಿತದ ಹಡಗು ಬರೆಯಲು ಕಡಲ ದಡ ಬೇಕಿಲ್ಲ. ಮೂರು ಚಲನೆ ಸಾಕು: ಮುಂದೆ–ಹಿಂದೆ, ಅಡ್ಡಕ್ಕೆ, ಮೂತಿಯ ತಿರುಗು. ಗಾಳಿಯ ಬಲ, ಅಲೆಯ ನಿಧಾನ ನೂಕು, ಊಹಿಸಿದ ಸೆಳೆತ ಇವನ್ನು ಕೂಡಿಸಿ, ನಾಲ್ಕು ಥ್ರಸ್ಟರಿಗೆ ಹಂಚಿ, ಅಲೆ ಸೋಸುವ ಒಂದು ಫಿಲ್ಟರ್ ಇಟ್ಟರೆ ಅಂತಿಮ ವರ್ಷದ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಅದು ಓಡುತ್ತದೆ. ಅದಕ್ಕೆ ಮೊದಲು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ಕೊಡಿ: ವಾಯವ್ಯದ ಗಾಳಿ, ನೈಋತ್ಯದ ಉಬ್ಬಲೆ. ಆಮೇಲೆ ಗಾಳಿಯನ್ನು ಪೂರ್ತಿ ತೆಗೆದು, ದಕ್ಷಿಣದ ಉಬ್ಬಲೆಯನ್ನು ಮೆಲ್ಲಗೆ ಏರಿಸಿ, ಹಡಗು ಎಷ್ಟು ಮೀಟರ್ ಸರಿಯಿತು ನೋಡಿ. ಕೊನೆಗೆ ಅದೇ ಓಟವನ್ನು ಅಲೆಯ ಮುನ್ಸೂಚನೆಯನ್ನು ಮೊದಲೇ ಕೊಟ್ಟು ನಡೆಸಿ. ಮುನ್ಸೂಚನೆ ಇಲ್ಲದ ಓಟಕ್ಕೂ ಇರುವ ಓಟಕ್ಕೂ ನಡುವೆ ಎಷ್ಟು ಮೀಟರಿನ ವ್ಯತ್ಯಾಸ ಬಂತು, ಹಡಗು ಆಳದ ನೂರಕ್ಕೆ ಎರಡರೊಳಗೆ ನಿಂತಿತೇ ಎಂದು ಅಳೆದು ಬರೆಯಿರಿ. ಮುಂಗಾರಿಗೆ ಮುಂಚಿನ ನಮ್ಮ ಕಡಲಿನಲ್ಲಿ ಹಡಗು ನಿಲ್ಲಿಸುವವರಿಗೆ ಆ ಅಂಕಿ ಬೇಕಾಗಿದೆ.